ಜಿಎಸ್‌ಎಂ ಮಾಡ್ಯೂಲಿನಿಂದ ಕನ್ನಡ ಮೆಸೇಜ್: ಅಕ್ಷರಗಳನ್ನು ಹೆಕ್ಸ್ ಮಾಡಿದ್ದು ಹೀಗೆ
ಮಾವನ ತೋಟಕ್ಕೆ ತ್ರೀ ಫೇಸ್ ಕರೆಂಟ್ ರಾತ್ರಿ ಎಷ್ಟೊತ್ತಿಗೆ ಬರುತ್ತದೋ ಗೊತ್ತಾಗುವುದಿಲ್ಲ, ಬಂದ ಕೂಡಲೇ ಅವರ ಫೋನಿಗೆ ಕನ್ನಡದಲ್ಲೇ ಮೆಸೇಜ್ ಹೋಗಲಿ ಅಂತ ಆರ್ಡುಯಿನೊ ಊನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ, ಸಿಮ್ ಹಾಕಿ ಮೆಸೇಜ್ ಕಳಿಸುವ ಸಿಮ್800 ಮಾಡ್ಯೂಲ್ ಸೇರಿಸಿ ಒಂದು ಡಬ್ಬಿ ಮಾಡಿದೆ. ವೈರಿಂಗ್ ವಿಷಯ ಬಿಡಿ, ಅದಕ್ಕೆ ಬೇಕಾದಷ್ಟು ವಿಡಿಯೋ ಇವೆ. ಅಕ್ಷರವನ್ನು ಹೆಕ್ಸ್ (0ಯಿಂದ 9, ಆಮೇಲೆ ಎ ಇಂದ ಎಫ್ ವರೆಗಿನ ಹದಿನಾರು ಅಂಕಿಗಳ ಲೆಕ್ಕ) ಮಾಡುವುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮಾಡ್ಯೂಲನ್ನು ಯುಸಿಎಸ್2 (ಅಕ್ಷರಕ್ಕೆ ಎರಡು ಬೈಟಿನ ಪದ್ಧತಿ) ಮೋಡಿಗೆ ಹಾಕಿದರೆ ಪ್ರತಿ ಅಕ್ಷರಕ್ಕೂ ನಾಲ್ಕು ಹೆಕ್ಸ್ ಅಂಕಿ ಕೊಡಬೇಕು. 'ಕರೆಂಟ್' ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಪ್ರತಿ ಅಕ್ಷರ, ಗುರುತಿಗೂ ಒಂದೊಂದು ನಂಬರ್ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಆರು: ಕ 0ಸಿ95, ರ 0ಸಿಬಿ0, ಎತ್ವ 0ಸಿಸಿ6, ಸೊನ್ನೆ 0ಸಿ82, ಟ 0ಸಿ9ಎಫ್, ಕೊನೆಗೆ ಹಲಂತ 0ಸಿಸಿಡಿ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಸಿಗುತ್ತವೆ, ಇಲ್ಲಿ 70 ಮಾತ್ರ. ಹಾಗಾಗಿ 'ಮೋಟಾರ್ ಆನ್ ಆಗಿದೆ, ವೋಲ್ಟೇಜ್ ಇಷ್ಟು' ಅನ್ನುವಷ್ಟಕ್ಕೇ ನಿಲ್ಲಿಸಿದೆ.

ಈ ಬದಲಾವಣೆಯನ್ನು ಬೋರ್ಡಿನಲ್ಲಿ ಮಾಡಲಿಲ್ಲ. ಊನೊದಲ್ಲಿರುವುದು 2 ಕೆಬಿ ರ‍್ಯಾಮ್. ಅದರ ಮೇಲೆ, ಕೋಡಿನಲ್ಲಿ ಬರೆದ ಕನ್ನಡ ಯುಟಿಎಫ್-8 ಅನ್ನುವ ಬೇರೆ ಪದ್ಧತಿಯಲ್ಲಿ ಕೂತಿರುತ್ತದೆ, ಕ ಅನ್ನುವುದು ಅಲ್ಲಿ ಇ0 ಬಿ2 95 ಅಂತ ಮೂರು ಬೈಟ್. ಜೊತೆಗೆ ಬೈಟನ್ನು ಹೆಕ್ಸ್ ಆಗಿ ಪ್ರಿಂಟ್ ಮಾಡಿಸಿದರೆ ಆರ್ಡುಯಿನೊ ಎಡಗಡೆಯ ಸೊನ್ನೆ ನುಂಗಿಬಿಡುತ್ತದೆ. ಕನ್ನಡ ಅಕ್ಷರಗಳೆಲ್ಲ 0ಸಿ ಇಂದಲೇ ಶುರುವಾಗುವುದರಿಂದ ಒಂದೂ ಉಳಿಯುವುದಿಲ್ಲ! ಬೋರ್ಡಿನಲ್ಲೇ ಮಾಡಬೇಕು ಅನ್ನುವವರು ಹದಿನಾರು ಹೆಕ್ಸ್ ಅಂಕಿಗಳ ಒಂದು ಸ್ಟ್ರಿಂಗ್ (ಅಕ್ಷರಗಳ ಸಾಲು) ಇಟ್ಟುಕೊಳ್ಳಿ. ಬೈಟನ್ನು ನಾಲ್ಕು ಬಿಟ್ ಬಲಕ್ಕೆ ಸರಿಸಿದರೆ ಮೊದಲ ಅಂಕಿ ಆ ಸ್ಟ್ರಿಂಗಿನಲ್ಲಿ ಎಲ್ಲಿದೆ ಅಂತ ಸಿಗುತ್ತದೆ, 15ರ ಜೊತೆ ಆಂಡ್ ಮಾಡಿದರೆ ಎರಡನೆಯದು.

ನನ್ನ ಮೆಸೇಜುಗಳು ಬದಲಾಗುವಂಥವಲ್ಲ. ಲ್ಯಾಪ್‌ಟಾಪಿನಲ್ಲಿ ಪೈಥಾನ್ ತೆರೆದು, ಸ್ಟ್ರಿಂಗನ್ನು ಯುಟಿಎಫ್-16 ಬಿಗ್ ಎಂಡಿಯನ್‌ಗೆ ಎನ್‌ಕೋಡ್ ಮಾಡಿ, ಅದರ ಹೆಕ್ಸ್ ತೆಗೆದು ಕೋಡಿಗೆ ಅಂಟಿಸಿದೆ. 'ಬಿಗ್ ಎಂಡಿಯನ್' (ಎರಡು ಬೈಟಿನಲ್ಲಿ ಎಡಗಡೆಯದು, ಅಂದರೆ 0ಸಿ, ಮೊದಲು) ಅಂತ ಬಿಡಿಸಿ ಹೇಳಲೇಬೇಕು. ಸುಮ್ನೆ ಯುಟಿಎಫ್-16 ಅಂದರೆ ಮೊದಲಿಗೆ ಎಫ್‌ಎಫ್ ಎಫ್‌ಇ ಅಂತ ಎರಡು ಬೈಟ್ ಜಾಸ್ತಿ ಬರುತ್ತವೆ, ಬೈಟುಗಳೂ ತಿರುಗಮುರುಗ. ಹಾಗೆ ತಿರುಗಿದ 'ಕರೆಂಟ್' ಫೋನಿನಲ್ಲಿ ಮೂರು ಚೀನೀ ಅಕ್ಷರ, ಮೂರು ಕೊರಿಯನ್ ಅಕ್ಷರ ಆಗುತ್ತದೆ, ನೀವೂ ಮಾಡಿ ನೋಡಿ, ಮಜಾ ಇದೆ.

ವೋಲ್ಟೇಜ್ ಮಾತ್ರ ಪ್ರತಿ ಸಲ ಬೇರೆ. ಅದು ಸುಲಭ, ಪ್ರತಿ ಅಂಕಿಗೂ ಮೊದಲು 003 ಸೇರಿಸಿದರೆ ಮುಗಿಯಿತು: 230 ಅಂದರೆ 0032 0033 0030. ಫೋನ್ ನಂಬರನ್ನೂ ಹೀಗೇ ಕೊಡಬೇಕು, ಪ್ಲಸ್ ಗುರುತಿಗೆ 002ಬಿ.

ವಾಪಸ್ ಬರುವ ಮೆಸೇಜೂ ಹೆಕ್ಸೇ. ಅದನ್ನು ಅಕ್ಷರಕ್ಕೆ ತಿರುಗಿಸುವ ಗೋಜಿಗೆ ಹೋಗಲಿಲ್ಲ. ಮಾವ 'ಆಫ್' ಅಂತ ಕಳಿಸಿದರೆ 0ಸಿ86 0ಸಿಎಬಿ 0ಸಿಸಿಡಿ ಬರುತ್ತದೆ, ಅದನ್ನೇ ನೇರವಾಗಿ ಹೋಲಿಸಿ ನೋಡಿದರಾಯಿತು. ಅವರು ಒಮ್ಮೊಮ್ಮೆ ಇಂಗ್ಲಿಷಿನಲ್ಲೂ ಹಾಕುತ್ತಾರೆ, ಆಗ ಕೀಬೋರ್ಡ್ ತಾನಾಗಿ ಮೊದಲ ಅಕ್ಷರವನ್ನು ದೊಡ್ಡದು ಮಾಡಿ 006ಎಫ್ ಬದಲು 004ಎಫ್ ಕಳಿಸುತ್ತದೆ. ಎರಡನ್ನೂ ಪಟ್ಟಿಗೆ ಸೇರಿಸಿದ್ದೇನೆ.