ನಿವೇದಿತಾ ಬದುಕಿನ ಜೊತೆ ಐರಿಷ್ ಪದ ಕಲಿಯಿರಿ

ಐರಿಷ್ ಪದಗಳನ್ನು ಪಟ್ಟಿ ಮಾಡಿ ಉರು ಹೊಡೆದರೆ ವಾರದಲ್ಲಿ ಮರೆತುಹೋಗುತ್ತವೆ. ಒಬ್ಬರ ಬದುಕಿಗೆ ಪೋಣಿಸಿ ಕಲಿತರೆ ನಿಲ್ಲುತ್ತವೆ. ನಮಗೆ ಗೊತ್ತಿರುವ ಸೋದರಿ ನಿವೇದಿತಾ ಅವರಿಂದಲೇ ಶುರು ಮಾಡಿ. ಮಾರ್ಗರೆಟ್ ನೋಬಲ್ ಆಗಿ ಅವರು 1867ರಲ್ಲಿ ಹುಟ್ಟಿದ್ದು ಐರ್ಲೆಂಡಿನ ಟೈರೋನ್ ಕೌಂಟಿಯ ಡಂಗ್ಯಾನನ್‌ನಲ್ಲಿ.

ಮೊದಲು ಊರ ಹೆಸರು ಬಿಡಿಸಿ. ಡಂಗ್ಯಾನನ್‌ನ ಐರಿಷ್ ರೂಪ ‘ದೂನ್ ಗ್ಯಾನಿನ್’. ದೂನ್ ಎಂದರೆ ಕೋಟೆ. ಟೈರೋನ್ ಎಂದರೆ ‘ಟೀರ್ ಓನ್’. ಟೀರ್ ಎಂದರೆ ನಾಡು. ಇಲ್ಲಿ ಊಹೆ ಬೇಡ. ‘ಕಿಲ್’ ಎಂದು ಶುರುವಾಗುವ ಇಂಗ್ಲಿಷ್ ಹೆಸರುಗಳ ಹಿಂದೆ ಕೆಲವು ಕಡೆ ಚರ್ಚು ಇದ್ದರೆ ಕೆಲವು ಕಡೆ ಕಾಡು ಇರುತ್ತದೆ. ‘ಲೊಗಾನಿಮ್’ ಎಂಬ ಸ್ಥಳನಾಮ ಕೋಶ ಅಂತರ್ಜಾಲದಲ್ಲಿ ಉಚಿತವಾಗಿದೆ, ಅದನ್ನು ನೋಡಿ.

ಆಮೇಲೆ ಮೂರೇ ವಾಕ್ಯ ಬರೆಯಿರಿ. ‘ರುಗೂ ಈ ಇ ನೂನ್ ಗ್ಯಾನಿನ್’: ಹುಟ್ಟಿದಳು ಆಕೆ ಡಂಗ್ಯಾನನ್‌ನಲ್ಲಿ. ‘ಬ ವೂನ್‌ಟ್ಯೋರ್ ಈ’: ಆಕೆ ಶಿಕ್ಷಕಿಯಾಗಿದ್ದಳು. ‘ದೊಸ್ಕಿಲ್ ಶೀ ಸ್ಕಲ್’: ಆಕೆ ಶಾಲೆ ತೆರೆದಳು, ಅದು 1898ರಲ್ಲಿ ಕಲ್ಕತ್ತೆಯಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ. ನಮ್ಮಲ್ಲಿ ಕೊನೆಗೆ ಬರುವ ಕ್ರಿಯಾಪದ ಅಲ್ಲಿ ಮೊದಲಿಗೇ ಬರುತ್ತದೆ. ಹೆಸರಿನಿಂದ ವಾಕ್ಯ ಶುರು ಮಾಡುವ ಅಭ್ಯಾಸವನ್ನು ಇಲ್ಲೇ ಬಿಡಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಪದದ ಮೊದಲ ಅಕ್ಷರದಲ್ಲಿ. ದೂನ್ ಹೋಗಿ ‘ನೂನ್’ ಆದದ್ದನ್ನು ಗಮನಿಸಿದಿರಾ? ಕನ್ನಡಿಗರಿಗೆ ಇದು ಹೊಸದಲ್ಲ. ಮಳೆ, ಕಾಲ ಸೇರಿ ಮಳೆಗಾಲವಾಗುವ ನಮ್ಮ ಆದೇಶ ಸಂಧಿಯಲ್ಲಿ ಕ, ತ, ಪಗಳು ಗ, ದ, ಬ ಆಗುತ್ತವೆ. ಐರಿಷಿನಲ್ಲೂ ‘ಕೊರ್ಕಿ’ ಎಂದರೆ ಕಾರ್ಕ್ ನಗರ, ‘ಇ ಗೊರ್ಕಿ’ ಎಂದರೆ ಕಾರ್ಕ್‌ನಲ್ಲಿ. ಎಷ್ಟು ಹತ್ತಿರದ ಹೋಲಿಕೆ! ಈ ಬದಲಾವಣೆಗೆ ಅವರು ಕೊಟ್ಟ ಹೆಸರು ‘ಉರೂ’. ಗ್ರಹಣಕ್ಕೂ ಅದೇ ಪದ. ವ್ಯತ್ಯಾಸ ಬರವಣಿಗೆಯಲ್ಲಿದೆ. ನಾವು ಕಕಾರ ತೆಗೆದು ಗಕಾರ ಬರೆಯುತ್ತೇವೆ. ಅವರು ‘ಸಿ’ಯನ್ನು ಉಳಿಸಿಕೊಂಡು ಅದರ ಮುಂದೆ ‘ಜಿ’ ಇಡುತ್ತಾರೆ, ಓದುವುದು ಗಕಾರವನ್ನಷ್ಟೇ. ಹಾಗಾಗಿ ನಿಘಂಟಿನಲ್ಲಿ ಪದ ಸಿಗದಿದ್ದರೆ ಆ ಮೊದಲ ಅಕ್ಷರ ಬಿಟ್ಟು ಹುಡುಕಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು, ಯಕಾರದ ಒತ್ತು ಬಿಡಬೇಡಿ. ‘ಬೋ’ ಎಂದರೆ ಹಸು, ‘ಬ್ಯೋ’ ಎಂದರೆ ಜೀವಂತ. ‘ಟ್ಯಾಂಗ್ಲನ್’ ನಿಘಂಟಿನಲ್ಲಿ ಅನೇಕ ಪದಗಳನ್ನು ಅಲ್‌ಸ್ಟರ್, ಕೊನಾಕ್ಟ್, ಮನ್‌ಸ್ಟರ್ ಮೂರೂ ಉಪಭಾಷೆಗಳಲ್ಲಿ ಕೇಳಬಹುದು. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ, ಮೂರನ್ನೂ ಬೆರೆಸಿದರೆ ಕಿವಿ ಪಳಗುವುದಿಲ್ಲ.

ದಿನಕ್ಕೆ ಹದಿನೈದು ನಿಮಿಷದಂತೆ ವಾರವಿಡೀ ಈ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ. ಎಂಟನೇ ದಿನ ಊರ ಹೆಸರನ್ನಷ್ಟೇ ಬದಲಿಸಿ, ಜಾರ್ಜ್ ಬೂಲ್ 1849ರಿಂದ ಗಣಿತ ಕಲಿಸಿದ ಕಾರ್ಕ್‌ಗೆ ಹೋಗಿ: ‘ಇ ಗೊರ್ಕಿ’.