ಕೊನೆ ಗಳಿಗೆಯಲ್ಲಿ ಖಾಲಿಯಾಗುವ ಲೇನ್

ಕಾಸರಗೋಡಿನಲ್ಲಿ ಏಪ್ರಿಲ್, ಮೇ ಎಂದರೆ ಮಕ್ಕಳಿಗೆ ಈಜು ಕಲಿಸುವ ಕಾಲ. ಮದುವೆ, ಉಪನಯನ, ಬ್ರಹ್ಮಕಲಶಗಳ ಕಾಲವೂ ಅದೇ. ಹಾಗಾಗಿ ರಜೆಯ ಈಜು ಸ್ಪರ್ಧೆಗೆ ಹೆಸರು ಕೊಟ್ಟವರೆಲ್ಲ ಬಂದೇ ಬರುತ್ತಾರೆ ಎಂದು ನಂಬಿ ನಾನು ಹೀಟ್ (ಒಮ್ಮೆಗೆ ಒಟ್ಟಿಗೆ ಈಜುವ ಗುಂಪು) ಪಟ್ಟಿ ಮಾಡುವುದಿಲ್ಲ.

ಹಿಂದಿನ ದಿನ ಸಂಜೆ ಆರರೊಳಗೆ ಹೆಸರು ಹಿಂತೆಗೆದರೆ ಹೀಟ್‌ಗಳನ್ನು ಹೊಸದಾಗಿ ಹಂಚುತ್ತೇನೆ. ಆರು ಲೇನಿನ, ಅಂದರೆ ಒಬ್ಬೊಬ್ಬರಿಗೆ ಒಂದರಂತೆ ಆರು ಸಾಲುಗಳ ಕೊಳದಲ್ಲಿ ಅತಿ ವೇಗದವರಿಗೆ 3ನೇ ಲೇನ್, ಉಳಿದವರಿಗೆ ಕ್ರಮವಾಗಿ 4, 2, 5, 1, 6. ಮಕ್ಕಳು 13 ಇದ್ದರೆ ಮೂರು ಹೀಟ್‌ಗಳಿಗೆ 1, 6, 6 ಎಂದಲ್ಲ, 3, 4, 6 ಎಂದು ಹಂಚಬೇಕು; ವೇಗದವರ ಹೀಟ್ ಕೊನೆಗೆ. ಮೂವರಲ್ಲಿ ಒಬ್ಬರು ಬಾರದಿದ್ದರೂ ಇಬ್ಬರು ಜೊತೆಗೆ ಈಜುತ್ತಾರೆ.

ಆರು ಗಂಟೆ ದಾಟಿದ ಮೇಲೆ ಪಟ್ಟಿ ಮುಟ್ಟುವುದಿಲ್ಲ. ಬೆಳಗ್ಗೆ ತಿದ್ದಿದರೆ ಕೋಚ್, ಮೈಕಿನವರು, ಸಮಯ ನೋಡುವವರು ಮೂವರ ಕೈಯಲ್ಲೂ ಬೇರೆ ಬೇರೆ ಪಟ್ಟಿ ಉಳಿಯುತ್ತದೆ. ಮೊದಲೇ ಬರೆದುಕೊಟ್ಟ ಬದಲಿ ಮಗು ಇದ್ದರೆ ಬಾರದ ಮಗುವಿನ ಲೇನಿಗೆ, ಇಲ್ಲವಾದರೆ ಲೇನ್ ಖಾಲಿ. ಹೀಟ್‌ನಲ್ಲಿ ಒಂದೇ ಮಗು ಉಳಿದರೆ ಮಾತ್ರ ಮುಂದಿನ ಹೀಟ್‌ನ ಖಾಲಿ ಲೇನಿಗೆ ಸೇರಿಸುತ್ತೇನೆ.

ಹೆಚ್ಚು ಎಡವಟ್ಟಾಗುವುದು ಈ ಖಾಲಿ ಲೇನಿನಲ್ಲೇ. 3 ಖಾಲಿ ಕಂಡರೆ 4ರ ಮಗು ತಾನಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತದೆ, ಅದರ ಸಮಯ ಬಾರದ ಮಗುವಿನ ಹೆಸರಿಗೆ ಬೀಳುತ್ತದೆ. ಅದಕ್ಕೆ ಖಾಲಿ ಲೇನಿನ ಸಮಯ ಬರೆಯುವ ಕಾರ್ಡಿಗೆ ಉದ್ದಕ್ಕೆ ಗೆರೆ ಎಳೆದು ಕೊಡುತ್ತೇನೆ. ಸಮಯ ನೋಡುವವರು ಮಗುವಿನ ಹೆಸರು ಕೇಳಿಯೇ ಬ್ಲಾಕ್ (ನೀರಿಗೆ ಹಾರುವ ಕಟ್ಟೆ) ಹತ್ತಿಸಬೇಕು. ಗೆರೆಗೆ ಬಾಲ್ ಪೆನ್ನೇ ಆಗಬೇಕು, ಒದ್ದೆ ಕೈ ತಾಗಿದರೆ ಜೆಲ್ ಪೆನ್ನಿನ ಶಾಯಿ ಹರಡಿ ಹೆಸರೇ ಅಳಿಸಿಹೋಗುತ್ತದೆ.

ವಾಟ್ಸಾಪಿನಲ್ಲಿ “ಮಗಳು ಬರುವುದಿಲ್ಲ” ಎಂದಷ್ಟೇ ಬಂದರೆ ಸಾಲದು. ದಿನವಿಡೀ ಬರುವುದಿಲ್ಲವೋ, ಬೆಳಗಿನ ಸ್ಪರ್ಧೆಗೆ ಮಾತ್ರವೋ? ಹೆಸರು, ವಯೋಗುಂಪು, ಸ್ಪರ್ಧೆಯ ಸಂಖ್ಯೆ ಇರುವ ಚೀಟಿಗೆ ಕೋಚ್ ಸಹಿ ಹಾಕಿ ಕೊಡಬೇಕು. ಮೈಕಿನಲ್ಲಿ ಕನ್ನಡ, ಮಲಯಾಳಂ ಎರಡರಲ್ಲೂ ಕರೆಸುತ್ತೇನೆ. ಅಲ್ಲೇ ಇದ್ದೂ ಕರೆ ಅರ್ಥವಾಗದೆ ಯಾವ ಮಗುವೂ ಅವಕಾಶ ಕಳೆದುಕೊಳ್ಳಬಾರದು.

ರಿಲೇಗೆ ನಾಲ್ವರ ಜೊತೆ ಇಬ್ಬರು ಬದಲಿಗಳನ್ನು ಬರೆಸುತ್ತೇನೆ. ಚಿಕ್ಕ ಗುಂಪಿನವರು ದೊಡ್ಡ ಗುಂಪಿನಲ್ಲಿ ಈಜಬಹುದು, ದೊಡ್ಡವರು ಕೆಳಗಿಳಿಯುವಂತಿಲ್ಲ. ನಾಲ್ವರು ನಾಲ್ಕು ಬಗೆಯಲ್ಲಿ ಈಜುವ ಮೆಡ್ಲೆ ರಿಲೇಯ ಕ್ರಮ ಬ್ಯಾಕ್, ಬ್ರೆಸ್ಟ್, ಬಟರ್‌ಫ್ಲೈ, ಫ್ರೀಸ್ಟೈಲ್. ಫ್ರೀಸ್ಟೈಲಿಗೆ ಯಾರಾದರೂ ಸಿಗುತ್ತಾರೆ. ಬ್ರೆಸ್ಟ್‌ಸ್ಟ್ರೋಕಿಗೆ ಬದಲಿಯನ್ನು ಮೊದಲೇ ಹುಡುಕಿ ಅಭ್ಯಾಸ ಮಾಡಿಸಿಟ್ಟುಕೊಳ್ಳಬೇಕು. ಕೆರೆಯಲ್ಲಿ ಈಜು ಕಲಿತ ಮಕ್ಕಳಿಗೆ ವೇಗವಿರುತ್ತದೆ, ಆದರೆ ಕಾಲು ಕತ್ತರಿಯಂತೆ ಒದೆಯುತ್ತಾರೆ ಅಥವಾ ಗೋಡೆಯನ್ನು ಒಂದೇ ಕೈಯಲ್ಲಿ ಮುಟ್ಟುತ್ತಾರೆ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಎರಡೂ ಅನರ್ಹತೆಗೆ ಕಾರಣ. ಗೋಡೆ ಮುಟ್ಟುವ ಮೊದಲೇ ಮುಂದಿನವರು ಹಾರಿದರೂ ನಾಲ್ವರ ಶ್ರಮ ಹೋಯಿತು. ಬದಲಿ ಮಗುವಿಗೆ ರಿಲೇಯ ಹಿಂದಿನ ಸ್ಪರ್ಧೆಯೂ ಇದೆಯೇ ಎಂದು ನೋಡಿಯೇ ಹೆಸರು ಬರೆಸಬೇಕು, ಏದುಸಿರು ಬಿಡುತ್ತಿರುವ ಮಗುವನ್ನು ಮತ್ತೆ ನೀರಿಗಿಳಿಸಬಾರದು.

ಮುಳ್ಳೇರಿಯದ ಬಸ್ಸು ತಡವಾಗಿ, ಹೆಸರು ಹೊಡೆದುಹಾಕಿದ ಮೇಲೆ ಓಡಿ ಬರುವ ಮಕ್ಕಳೂ ಇದ್ದಾರೆ. ಹೀಟ್ ಹೊರಟಿರದಿದ್ದರೆ, ಅವರ ಲೇನ್ ಇನ್ನೂ ಖಾಲಿ ಇದ್ದರೆ, ಅಲ್ಲಿಗೇ ಕಳುಹಿಸುತ್ತೇನೆ. ಬದಲಿ ಮಗು ಆಗಲೇ ಬ್ಲಾಕ್ ಬಳಿ ನಿಂತಿದ್ದರೆ ಅದನ್ನು ಹಿಂದಕ್ಕೆ ಕರೆಯುವುದಿಲ್ಲ.