ಆನ್‌ಲೈನ್ ಅಂಗಡಿಗೆ ಫ್ರೀ ಸಾಫ್ಟ್‌ವೇರೋ, ತಿಂಗಳ ಬಾಡಿಗೆಯೋ? ಲೆಕ್ಕ ಹಾಕುವುದು ಹೀಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆ ಈಗ ಮನೆಯಿಂದಲೇ ಮಾಲು ಕಳಿಸುವವರು ತುಂಬ ಜನ ಇದ್ದಾರೆ. ಹಲಸಿನ ಹಪ್ಪಳ, ಮಾಂಬಳ, ತೆಂಗಿನೆಣ್ಣೆ, ಪುನರ್ಪುಳಿ ಶರಬತ್ತು, ಅಡಿಕೆ ಹಾಳೆಯ ತಟ್ಟೆ. ಶುರುವಾಗುವುದು ವಾಟ್ಸ್‌ಆ್ಯಪ್‌ನಲ್ಲಿ. ದಿನಕ್ಕೆ ಐದಾರು ಆರ್ಡರ್ ಇರುವಾಗ ಅದೇ ಸಾಕು. ಮೂವತ್ತು ದಾಟಿದರೆ ಯಾರ ದುಡ್ಡು ಬಂತು, ಯಾರ ಪಾರ್ಸೆಲ್ ಹೋಯಿತು ಅಂತ ಮೊಬೈಲ್ ಹಿಡಿದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಆಗ ಸ್ವಂತ ವೆಬ್‌ಸೈಟ್ ಬೇಕು ಅನ್ನಿಸುತ್ತದೆ.

ಗೊತ್ತಿದ್ದವರನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ. ‘ತಿಂಗಳಿಗೆ ಒಂದೂವರೆ ಸಾವಿರ ಕಟ್ಟಿ, ಎಲ್ಲ ರೆಡಿ ಇರುತ್ತದೆ’ ಎನ್ನುತ್ತಾರೆ ಒಬ್ಬರು. ‘ಸಾಫ್ಟ್‌ವೇರ್ ಫ್ರೀ, ಒಂದು ಸಲ ಐವತ್ತು ಸಾವಿರ ಕೊಟ್ಟರೆ ಮುಗಿಯಿತು’ ಎನ್ನುತ್ತಾರೆ ಇನ್ನೊಬ್ಬರು. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲೂ ಅರ್ಧ ಖರ್ಚು ಮಾತ್ರ ಇದೆ. ಉಳಿದರ್ಧ ನಿಮ್ಮ ವ್ಯಾಪಾರ ಬೆಳೆದ ಮೇಲೆ ಕಾಣಿಸುತ್ತದೆ. ಅದನ್ನು ಈಗಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಹೇಗೆ ಎಂಬುದೇ ಈ ಲೇಖನ.

ಮೊದಲು ಎರಡರ ಪರಿಚಯ. ಬಾಡಿಗೆ ಮಾದರಿಯಲ್ಲಿ ಸಾಫ್ಟ್‌ವೇರ್, ಸರ್ವರ್, ಸುರಕ್ಷತೆ ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ನೀವು ತಿಂಗಳಿಗೋ ವರ್ಷಕ್ಕೋ ದುಡ್ಡು ಕಟ್ಟುತ್ತೀರಿ. ಕೆನಡಾದ ಶಾಪಿಫೈ ಇದರಲ್ಲಿ ದೊಡ್ಡ ಹೆಸರು. ನಮ್ಮ ದೇಶದ ಜೋಹೊ ಕಂಪನಿಯ ಜೋಹೊ ಕಾಮರ್ಸ್ ಕೂಡ ಇದೇ ಜಾತಿಗೆ ಸೇರಿದ್ದು. ಓಪನ್ ಸೋರ್ಸ್ ಮಾದರಿಯಲ್ಲಿ ಸಾಫ್ಟ್‌ವೇರನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ತಮ್ಮದೇ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಬಾಡಿಗೆಗೆ ಪಡೆಯುವ ಸರ್ವರ್ ಜಾಗ) ಹಾಕಿಕೊಳ್ಳಬಹುದು. ವರ್ಡ್‌ಪ್ರೆಸ್ ಜೊತೆ ಕೆಲಸ ಮಾಡುವ ವೂಕಾಮರ್ಸ್ 2011ರಲ್ಲಿ ಬಂತು, ನಮ್ಮ ಕಡೆ ಕೆಲಸ ಗೊತ್ತಿರುವವರು ಸುಲಭವಾಗಿ ಸಿಗುವುದು ಇದಕ್ಕೇ. ಓಪನ್‌ಕಾರ್ಟ್, ಪ್ರೆಸ್ಟಾಶಾಪ್, ಮೆಜೆಂಟೊ ಇದೇ ಸಾಲಿನವು. ಮೆಜೆಂಟೊ ಭಾರೀ ಸಾಫ್ಟ್‌ವೇರ್. ಸಣ್ಣ ಘಟಕಗಳು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಹಂತ 1: ಎರಡಕ್ಕೂ ಸಮನಾದ ಖರ್ಚನ್ನು ಪಕ್ಕಕ್ಕಿಡಿ

ಕೊರಿಯರ್, ಪ್ಯಾಕಿಂಗ್, ಫೋಟೊ, ಜಾಹೀರಾತು, ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಡೊಮೇನ್ ಹೆಸರು (ವೆಬ್‌ಸೈಟಿನ ವಿಳಾಸ). ಇವು ಯಾವ ದಾರಿ ಹಿಡಿದರೂ ತಪ್ಪಿದ್ದಲ್ಲ. ಹೋಲಿಕೆಯಲ್ಲಿ ಇವನ್ನು ಸೇರಿಸಿದರೆ ಮೊತ್ತ ದೊಡ್ಡದಾಗುತ್ತದೆ ಅಷ್ಟೇ, ವ್ಯತ್ಯಾಸ ಕಾಣುವುದಿಲ್ಲ.

ಗಿರಾಕಿಯ ದುಡ್ಡನ್ನು ಆನ್‌ಲೈನ್‌ನಲ್ಲಿ ಪಡೆದು ನಿಮ್ಮ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇಯ ಶುಲ್ಕವೂ ಹಾಗೆಯೇ. ಸಾಮಾನ್ಯವಾಗಿ 2 ಶೇಕಡಾ, ಅದರ ಮೇಲೆ 18 ಶೇಕಡಾ ಜಿಎಸ್‌ಟಿ. ಅಂದರೆ ಒಂದು ಲಕ್ಷಕ್ಕೆ 2,360 ರೂಪಾಯಿ. ಯುಪಿಐಗೆ 2020ರ ಜನವರಿಯಿಂದ ಎಂಡಿಆರ್ (ಪಾವತಿ ಸ್ವೀಕರಿಸಲು ವ್ಯಾಪಾರಿ ಬ್ಯಾಂಕಿಗೆ ಕೊಡುವ) ಶುಲ್ಕವಿಲ್ಲ. ಆದರೂ ಗೇಟ್‌ವೇ ಕಂಪನಿ ತನ್ನ ಸೇವೆಗೆಂದು ದುಡ್ಡು ಹಿಡಿಯಬಹುದು. ಹಾಗಾಗಿ ‘ಯುಪಿಐಗೆ ಬೇರೆ ರೇಟ್ ಇದೆಯಾ?’ ಎಂದು ಕೇಳಿಯೇ ಒಪ್ಪಂದ ಮಾಡಿಕೊಳ್ಳಿ.

ಹಂತ 2: ಬಾಡಿಗೆ ಮಾದರಿಯಲ್ಲಿ ಶೇಕಡಾ ಎಲ್ಲಿದೆ ಹುಡುಕಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ತಿಂಗಳ ಬಾಡಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾರಾಟದ ಮೇಲಿನ ಶೇಕಡಾ ಬೀಳುವುದಿಲ್ಲ.

ಶಾಪಿಫೈಯನ್ನೇ ನೋಡಿ. ಅದಕ್ಕೆ ತನ್ನದೇ ಪೇಮೆಂಟ್ ವ್ಯವಸ್ಥೆ ಇದೆ. ಅದನ್ನು ಬಳಸುವವರಿಗೆ ಹೆಚ್ಚುವರಿ ವ್ಯವಹಾರ ಶುಲ್ಕ ಇಲ್ಲ. ಆದರೆ ಆ ವ್ಯವಸ್ಥೆ ಭಾರತದಲ್ಲಿ ಸಿಗುವುದಿಲ್ಲ. ನಾವು ಬೇರೆ ಗೇಟ್‌ವೇ ಜೋಡಿಸಲೇಬೇಕು. ಜೋಡಿಸಿದ್ದಕ್ಕೆ ಬೇಸಿಕ್ ಪ್ಲ್ಯಾನ್‌ನಲ್ಲಿ 2 ಶೇಕಡಾ, ಅದರ ಮೇಲಿನ ಪ್ಲ್ಯಾನ್‌ನಲ್ಲಿ 1 ಶೇಕಡಾ ಶಾಪಿಫೈಗೆ ಹೋಗುತ್ತದೆ. ಗೇಟ್‌ವೇಯವರ 2 ಶೇಕಡಾ ಬೇರೆ. ಬೇರೆ ದೇಶದವರು ಮಾಡಿದ ಹೋಲಿಕೆಯ ವಿಡಿಯೊ ನೋಡಿ ನಿರ್ಧಾರ ಮಾಡಿದರೆ ಈ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಯಾವ ಕಂಪನಿಯಾದರೂ ಸರಿ, ಮೂರು ಪ್ರಶ್ನೆ ಕೇಳಿ. ಮಾರಾಟದ ಮೇಲೆ ಶೇಕಡಾ ಹಿಡಿಯುತ್ತೀರಾ? ಎಷ್ಟು ಸರಕು, ಎಷ್ಟು ಆರ್ಡರ್, ಎಷ್ಟು ಸಿಬ್ಬಂದಿ ಲಾಗಿನ್‌ವರೆಗೆ ಈ ಪ್ಲ್ಯಾನ್ ಸಾಕು? ಯಾವ ಸೌಲಭ್ಯಕ್ಕೆ ಬೇರೆ ಆ್ಯಪ್ ಹಾಕಬೇಕು? ಈ ಆ್ಯಪ್‌ಗಳ ಬಾಡಿಗೆ ಎಷ್ಟೋ ಸಲ ಡಾಲರ್‌ನಲ್ಲಿ ಇರುತ್ತದೆ. ಒಂದೊಂದೂ ಸಣ್ಣ ಮೊತ್ತವೇ, ಆದರೆ ನಾಲ್ಕು ಸೇರಿದರೆ ಮೂಲ ಬಾಡಿಗೆಯನ್ನೇ ಮೀರಬಹುದು.

ಇನ್ನೊಂದು ವಿಷಯ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಮೊತ್ತ ಒಂದು ಸಲಕ್ಕೆ 15,000 ರೂಪಾಯಿ ದಾಟಿದರೆ, ಇಂಥ ಸೇವೆಗಳಿಗೆ ಪ್ರತಿ ಸಲವೂ ನೀವೇ ಒಟಿಪಿ ಕೊಟ್ಟು ಒಪ್ಪಬೇಕು. ಬಿಲ್ ಅಷ್ಟು ದೊಡ್ಡದಾದಾಗ ಪಾವತಿಯ ದಿನ ನೆನಪಿಟ್ಟುಕೊಳ್ಳುವವರು ಮನೆಯಲ್ಲಿ ಒಬ್ಬರಿರಲಿ. ಬಾಕಿ ಉಳಿದರೆ ಅಂಗಡಿಗೇ ಬೀಗ ಬೀಳುತ್ತದೆ.

ಹಂತ 3: ಗಡಿಯಲ್ಲಿ ಇರುವುದರ ಖರ್ಚು ಸೇರಿಸಿ

ಬೆಂಗಳೂರಿನ ವ್ಯಾಪಾರಿಗೆ ಈ ಹಂತ ಅಷ್ಟಾಗಿ ಬೇಡ. ನಮಗೆ ಬೇಕು. ಮಂಗಳೂರು ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ನೆಂಟರು, ಆಸ್ಪತ್ರೆ, ಕಾಲೇಜು, ಸಂತೆ ಎಲ್ಲ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ತೆರಿಗೆ ಲೆಕ್ಕದಲ್ಲಿ ಮಾತ್ರ ಗಡಿಯ ತಲಪಾಡಿ ದಾಟಿದರೆ ಹೊರರಾಜ್ಯ. ತೆರಿಗೆ ಬೀಳುವ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ, ವಹಿವಾಟು ಚಿಕ್ಕದಾದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಮಿತಿಯೊಳಗೆ ವಿನಾಯಿತಿ ಇದೆ. ಕಾಂಪೊಸಿಷನ್ ಸ್ಕೀಮ್‌ನಲ್ಲಿರುವವರು (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ಶೇಕಡಾ ತೆರಿಗೆ ಕಟ್ಟುವ ಸರಳ ಜಿಎಸ್‌ಟಿ ವ್ಯವಸ್ಥೆ) ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಗಿರಾಕಿಗಳಲ್ಲಿ ಅರ್ಧ ಜನ ದಕ್ಷಿಣ ಕನ್ನಡದವರಿದ್ದರೆ, ವೆಬ್‌ಸೈಟ್‌ಗೆ ಮುಂಚೆ ಲೆಕ್ಕಪರಿಶೋಧಕರ ಹತ್ತಿರ ಹೋಗಿ.

ಸಾಫ್ಟ್‌ವೇರಿಗೆ ಇದು ಗೊತ್ತಿದೆಯಾ ಅಂತ ನೋಡಲು ಒಂದು ಸಣ್ಣ ಪರೀಕ್ಷೆ ಮಾಡಿ. ಡೆಮೊ ಅಂಗಡಿಯಲ್ಲಿ ಒಂದು ಕಟ್ಟು ಹಪ್ಪಳ, ಒಂದು ಲೀಟರ್ ತೆಂಗಿನೆಣ್ಣೆ ಕಾರ್ಟ್‌ಗೆ ಹಾಕಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಅಡುಗೆಯ ತೆಂಗಿನೆಣ್ಣೆಗೆ 5 ಶೇಕಡಾ. ವಿಳಾಸದ ಜಾಗದಲ್ಲಿ ಕೇರಳದ ಉಪ್ಪಳ ಎಂದು ಕೊಡಿ. ಎಣ್ಣೆಯ ಮೇಲೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಎಂದು ಬಿಲ್ ಒಡೆದು ತೋರಿಸಬೇಕು. ಈಗ ವಿಳಾಸ ಬದಲಿಸಿ ಕರ್ನಾಟಕದ ತೊಕ್ಕೊಟ್ಟು ಎಂದು ಹಾಕಿ. ಎರಡೂ ಸೇರಿ ಐಜಿಎಸ್‌ಟಿ (ಹೊರರಾಜ್ಯದ ಮಾರಾಟದ ತೆರಿಗೆ) 5 ಶೇಕಡಾ ಎಂದು ಒಂದೇ ಸಾಲಿಗೆ ಬರಬೇಕು. ಹಪ್ಪಳದ ಸಾಲು ಎರಡೂ ಸಲ ಸೊನ್ನೆ ಇರಬೇಕು. ವೂಕಾಮರ್ಸ್‌ನಲ್ಲಿ ರಾಜ್ಯವಾರು ತೆರಿಗೆ ದರ ತುಂಬುವ ಪಟ್ಟಿ ಮೂಲದಲ್ಲಿಯೇ ಇದೆ, ಕೂತು ತುಂಬಬೇಕು ಅಷ್ಟೇ. ಆದರೆ ಸರಿಯಾದ ಜಿಎಸ್‌ಟಿ ಬಿಲ್ ಪ್ರಿಂಟ್ ಬರಲು ಎರಡೂ ಕಡೆ ಬಹುತೇಕ ಒಂದು ಪ್ಲಗಿನ್ (ಮೂಲ ಸಾಫ್ಟ್‌ವೇರಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಅಥವಾ ಆ್ಯಪ್ ಬೇಕಾಗುತ್ತದೆ. ಅದರ ದರ ಬರೆದುಕೊಳ್ಳಿ.

ಮುಂದಿನದು ಭಾಷೆ. ಮಂಜೇಶ್ವರದ ಗಿರಾಕಿಗೆ ಕನ್ನಡ, ಕಾಞಂಗಾಡಿನವರಿಗೆ ಮಲಯಾಳ, ಗಲ್ಫ್‌ನಿಂದ ಮನೆಗೆ ಆರ್ಡರ್ ಮಾಡುವ ಮಕ್ಕಳಿಗೆ ಇಂಗ್ಲಿಷ್ ಆದರೂ ನಡೆಯುತ್ತದೆ. ಮೂರು ಭಾಷೆಯ ಅಂಗಡಿ ನಮಗೆ ಶೋಕಿಯಲ್ಲ, ವ್ಯಾಪಾರ. ಓಪನ್‌ಕಾರ್ಟ್, ಪ್ರೆಸ್ಟಾಶಾಪ್ ಎರಡರಲ್ಲೂ ಹಲವು ಭಾಷೆಯ ವ್ಯವಸ್ಥೆ ಒಳಗೇ ಇದೆ. ವೂಕಾಮರ್ಸ್‌ಗೆ ಬೇರೆ ಪ್ಲಗಿನ್ ಬೇಕು, ಅಂಗಡಿಯ ಮಟ್ಟಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವಂಥದ್ದೇ. ಶಾಪಿಫೈ ತನ್ನದೇ ಉಚಿತ ಅನುವಾದದ ಆ್ಯಪ್ ಕೊಡುತ್ತದೆ. ಯಾವುದೇ ಆಗಲಿ, ಸರಕಿನ ವಿವರವನ್ನು ಯಾರಾದರೂ ಕೂತು ಬರೆಯಬೇಕು. ಆ ಕೂಲಿಯನ್ನೂ ಸೇರಿಸಿ.

ಹಂತ 4: ‘ಫ್ರೀ’ ಸಾಫ್ಟ್‌ವೇರಿನ ಆಳು ಯಾರು?

ಓಪನ್ ಸೋರ್ಸ್‌ನಲ್ಲಿ ಸಾಫ್ಟ್‌ವೇರ್ ಉಚಿತ, ಕೆಲಸ ಉಚಿತವಲ್ಲ. ಹೋಸ್ಟಿಂಗ್ ಕಂಪನಿ ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ನವೀಕರಣಕ್ಕೆ ದುಬಾರಿ ದರ ಹಾಕುವುದು ಸಾಮಾನ್ಯ. ಲೆಕ್ಕಕ್ಕೆ ನವೀಕರಣದ ದರವನ್ನೇ ಹಿಡಿಯಿರಿ. ಸೈಟಿಗೆ ಬೀಗದ ಗುರುತು ಕೊಡುವ ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಬೇಡ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಉಚಿತವಾಗಿ ಕೊಡುತ್ತದೆ. ಯಾರಾದರೂ ಅದಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಏಕೆ ಎಂದು ಕೇಳಿ.

ನಿಜವಾದ ಖರ್ಚು ಅಪ್‌ಡೇಟ್‌ನದು. ವರ್ಡ್‌ಪ್ರೆಸ್, ವೂಕಾಮರ್ಸ್, ಥೀಮ್ (ಸೈಟಿನ ವಿನ್ಯಾಸ), ಹತ್ತು ಹದಿನೈದು ಪ್ಲಗಿನ್, ಒಂದೊಂದಕ್ಕೂ ಆಗಾಗ ಹೊಸ ಆವೃತ್ತಿ ಬರುತ್ತದೆ. ಹಾಕದಿದ್ದರೆ ಕಳ್ಳರು ನುಗ್ಗುವ ಭಯ. ಸುಮ್ನೆ ಒತ್ತಿಬಿಟ್ಟರೆ ಒಂದಕ್ಕೊಂದು ಹೊಂದದೆ ಚೆಕೌಟ್ (ಗಿರಾಕಿ ದುಡ್ಡು ಕಟ್ಟುವ ಪುಟ) ನಿಂತುಹೋಗುವ ಭಯ. ಬ್ಯಾಕಪ್ ತೆಗೆದು, ನಕಲು ಸೈಟಿನಲ್ಲಿ ಹಾಕಿ ನೋಡಿ, ಆಮೇಲೆ ಅಸಲಿಗೆ ಹಾಕಬೇಕು. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಮೆಜೆಂಟೊದ ಮೊದಲ ಆವೃತ್ತಿಗೆ 2020ರ ಜೂನ್ 30ಕ್ಕೆ ಅಧಿಕೃತ ಬೆಂಬಲ ನಿಂತಿತು. ಅದರಲ್ಲಿದ್ದ ಅಂಗಡಿಗಳು ಎರಡನೇ ಆವೃತ್ತಿಗೆ ಹೋಗಬೇಕಾದರೆ ಹೆಚ್ಚುಕಡಿಮೆ ಹೊಸದಾಗಿ ಕಟ್ಟಿಸಬೇಕಾಯಿತು. ಸಾಫ್ಟ್‌ವೇರಿಗೆ ಆಗಲೂ ದುಡ್ಡಿಲ್ಲ, ಕಟ್ಟಿಸಲು ದುಡ್ಡು.

ಹಾಗಾಗಿ ತಿಂಗಳಿಗೆ ಇಷ್ಟು ಎಂದು ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳಿ. ರಾತ್ರಿ ಸೈಟ್ ಬಿದ್ದರೆ ಎಷ್ಟು ಹೊತ್ತಿನೊಳಗೆ ನೋಡುತ್ತೀರಿ ಎಂಬುದು ಅದರಲ್ಲಿ ಬರಲಿ. ಮಗ ಅಥವಾ ತಂಗಿಯೇ ನೋಡಿಕೊಳ್ಳುವುದಾದರೂ ಅವರ ಗಂಟೆಗಳಿಗೆ ಬೆಲೆ ಕಟ್ಟಿ. ಅವರು ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೋ ದುಬೈಗೋ ಹೋದರೆ ಆ ದುಡ್ಡು ಹೊರಗಿನವರಿಗೆ ಕೊಡಲೇಬೇಕು ಅಲ್ವಾ?

ಹಂತ 5: ಮೂರು ವರ್ಷ, ಮೂರು ಗಾತ್ರ

ಇವತ್ತಿನ ವ್ಯಾಪಾರಕ್ಕೆ ಮಾತ್ರ ಲೆಕ್ಕ ಹಾಕಬೇಡಿ. ಇವತ್ತು, ಐದು ಪಟ್ಟು, ಹದಿನೈದು ಪಟ್ಟು ಎಂದು ಮೂರು ಸಲ ಹಾಕಿ. ಮೊದಲಿಗೆ ಕಟ್ಟಿಸುವ ಖರ್ಚನ್ನು 36 ತಿಂಗಳಿಗೆ ಹಂಚಿ. ಕೆಳಗಿನ ಅಂಕಿಗಳು ಉದಾಹರಣೆಗೆ ಹಿಡಿದವು. ದರ ಬದಲಾಗುತ್ತಿರುತ್ತದೆ, ನಿಮಗೆ ಸಿಕ್ಕ ಕೊಟೇಶನ್ ಹಾಕಿಕೊಳ್ಳಿ.

ತಿಂಗಳಿಗೆ ಒಂದು ಲಕ್ಷದ ಆನ್‌ಲೈನ್ ಮಾರಾಟ. ಬಾಡಿಗೆ ಮಾದರಿ: ಪ್ಲ್ಯಾನ್ 1,500, ಶೇಕಡಾ 2ರ ಶುಲ್ಕ 2,000, ಆ್ಯಪ್‌ಗಳು 1,500, ಕಟ್ಟಿಸಿದ 18,000 ಹಂಚಿದರೆ 500. ಒಟ್ಟು 5,500. ಓಪನ್ ಸೋರ್ಸ್: ಹೋಸ್ಟಿಂಗ್ 900, ಪ್ಲಗಿನ್ 1,000, ನಿರ್ವಹಣೆ 3,000, ಕಟ್ಟಿಸಿದ 54,000 ಹಂಚಿದರೆ 1,500. ಒಟ್ಟು 6,400. ಇಲ್ಲಿ ಬಾಡಿಗೆಯೇ ಅಗ್ಗ.

ಐದು ಲಕ್ಷಕ್ಕೆ ಬನ್ನಿ. ಅದೇ ಸಣ್ಣ ಪ್ಲ್ಯಾನ್‌ನಲ್ಲಿ ಉಳಿದರೆ ಶೇಕಡಾ ಶುಲ್ಕವೇ 10,000. ಆ್ಯಪ್ 3,000 ಆಯಿತು ಅಂದುಕೊಳ್ಳಿ. ಪ್ಲ್ಯಾನ್ 1,500, ಹಂಚಿದ 500 ಸೇರಿ ಒಟ್ಟು 15,000. ತಿಂಗಳಿಗೆ 5,600ರ ದೊಡ್ಡ ಪ್ಲ್ಯಾನ್‌ಗೆ ಹೋದರೆ ಶುಲ್ಕ ಅರ್ಧವಾಗಿ ಒಟ್ಟು 14,100. ಎರಡು ಪ್ಲ್ಯಾನ್‌ಗಳ ಬಾಡಿಗೆಯ ಅಂತರ 4,100, ಉಳಿಯುವುದು 1 ಶೇಕಡಾ. ಅಂದರೆ ಮಾರಾಟ 4,10,000 ದಾಟಿದ ತಿಂಗಳಿನಿಂದ ದೊಡ್ಡ ಪ್ಲ್ಯಾನೇ ಲಾಭ. ಓಪನ್ ಸೋರ್ಸ್‌ನಲ್ಲಿ ಹೋಸ್ಟಿಂಗ್ 2,500, ಪ್ಲಗಿನ್ 1,500, ನಿರ್ವಹಣೆ 6,000, ಹಂಚಿದ 1,500. ಒಟ್ಟು 11,500.

ಹದಿನೈದು ಲಕ್ಷದಲ್ಲಿ ಬಾಡಿಗೆ ಮಾದರಿಗೆ ದೊಡ್ಡ ಪ್ಲ್ಯಾನ್ 5,600, ಶೇಕಡಾ 1ರ ಶುಲ್ಕ 15,000, ಆ್ಯಪ್‌ಗಳು 5,000, ಹಂಚಿದ 500 ಸೇರಿ 26,100. ಓಪನ್ ಸೋರ್ಸ್‌ಗೆ ಹೋಸ್ಟಿಂಗ್ 6,000, ಪ್ಲಗಿನ್ 2,500, ನಿರ್ವಹಣೆ 12,000, ಹಂಚಿದ 1,500 ಸೇರಿ 22,000.

ಗಮನಿಸಿ. ಬಾಡಿಗೆಯ ಕಡೆ ಬೆಳೆಯುವುದು ಶೇಕಡಾ. ಓಪನ್ ಸೋರ್ಸ್‌ನ ಕಡೆ ಬೆಳೆಯುವುದು ಆಳಿನ ಸಂಬಳ. ನನ್ನ ಅಭಿಪ್ರಾಯ ಇಷ್ಟು: ತಿಂಗಳ ಶೇಕಡಾ ಶುಲ್ಕ ಒಬ್ಬ ಒಳ್ಳೆಯ ತಂತ್ರಜ್ಞರ ತಿಂಗಳ ನಿರ್ವಹಣೆಯ ದರವನ್ನು ಮೀರುವವರೆಗೆ ಬಾಡಿಗೆಯಲ್ಲೇ ಇರಿ. ಮೀರಿದ ಮೇಲೂ, ಅಂಥವರು ನಿಜವಾಗಿ ಸಿಕ್ಕಿದರೆ ಮಾತ್ರ ಬದಲಾಯಿಸಿ. ಐದು ಲಕ್ಷದ ಉದಾಹರಣೆಯಲ್ಲಿ ತಿಂಗಳಿಗೆ ಉಳಿಯುವುದು 2,600 ರೂಪಾಯಿ. ಓಣಂ ಅಥವಾ ದೀಪಾವಳಿಯ ವಾರದಲ್ಲಿ ಸೈಟ್ ಬಿದ್ದು ಎತ್ತುವವರಿಲ್ಲದಿದ್ದರೆ ಈ ಉಳಿತಾಯ ಎಲ್ಲಿಗೂ ಸಾಲದು.

ಹಂತ 6: ಹೊರಗೆ ಬರುವ ದಾರಿ ಮೊದಲೇ ನೋಡಿಡಿ

ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಬೇಡ. ಗೇಟ್‌ವೇ ಖಾತೆಯೂ ಹಾಗೆಯೇ. ಸರಕು, ಗಿರಾಕಿ, ಹಳೆಯ ಆರ್ಡರ್ ಮೂರೂ ಸಿಎಸ್‌ವಿ ಫೈಲಾಗಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಹೊರಬರುತ್ತವೆಯೇ ಎಂದು ಡೆಮೊದಲ್ಲೇ ಇಳಿಸಿ ನೋಡಿ. ಗಿರಾಕಿಗಳ ಪಾಸ್‌ವರ್ಡ್ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ, ಅವರು ಹೊಸದು ಮಾಡಿಕೊಳ್ಳಬೇಕಾಗುತ್ತದೆ. ಥೀಮ್ ಬರುವುದಿಲ್ಲ.

ಮುಂದೊಂದು ದಿನ ಬದಲಾಯಿಸುವುದಾದರೆ ಹಬ್ಬದ ಕಾಲ ಬಿಟ್ಟು ಮಳೆಗಾಲದ ನಡುವಿನ ಸಪ್ಪೆ ದಿನಗಳನ್ನು ಆರಿಸಿ. ಹಳೆಯ ಪುಟಗಳ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿಸಿ, ಇಲ್ಲದಿದ್ದರೆ ಗೂಗಲ್‌ನಿಂದ ಬರುವವರು ಖಾಲಿ ಪುಟಕ್ಕೆ ಬೀಳುತ್ತಾರೆ. ಹಳೆಯ ಪ್ಲ್ಯಾನನ್ನು ಒಂದು ತಿಂಗಳು ಹೆಚ್ಚೇ ಇಟ್ಟುಕೊಳ್ಳಿ. ಉಪ್ಪಳ ಮತ್ತು ತೊಕ್ಕೊಟ್ಟಿನ ಎರಡೂ ಬಿಲ್ ಹೊಸ ಅಂಗಡಿಯಲ್ಲಿ ಸರಿಯಾಗಿ ಬಂದು, ಗೇಟ್‌ವೇಯಿಂದ ಮೊದಲ ದುಡ್ಡು ಬ್ಯಾಂಕ್ ಖಾತೆಗೆ ಬಿದ್ದ ಮೇಲೆ ಹಳೆಯದನ್ನು ನಿಲ್ಲಿಸಿ.